ಸಂಧಿ ಪಾಠ ಉಳಿದ ವಾರ

ಸೋಮವಾರ ಕರಿಹಲಗೆಯ ಮೇಲೆ
‘ಲೋಪಸಂಧಿ’ ಎಂದು ಬರೆದು ಅಡಿಗೆರೆ ಎಳೆದೆ.
ಶುಕ್ರವಾರ ಸಂಜೆಯ ತನಕ ಆ ಗೆರೆ
ಕೆಳಗೇನೂ ಇಲ್ಲದೆ ಹಾಗೇ ಇತ್ತು.

ಸೀಮೆಸುಣ್ಣದ ಕೈ ಝಾಡಿಸುವಷ್ಟರಲ್ಲಿ
ಬಾಗಿಲಲ್ಲಿ ಅಡುಗೆಯ ಗಂಗವ್ವ:
‘ಟೀಚರ, ತತ್ತಿ ನಾಕು ಕಡಿಮಿ ಬಿದ್ದಾವ್ರಿ.’
ಬೇಕಾದದ್ದು ನೂರಾ ಇಪ್ಪತ್ತೆರಡು,
ಇದ್ದದ್ದು ನೂರಾ ಹದಿನೆಂಟು.
ಎಣಿಸಿದೆ. ಸೆರಗು ಸಿಕ್ಕಿಸಿ ಮತ್ತೆ ಎಣಿಸಿದೆ.
ಬಾಳೆಹಣ್ಣು ಅಂತ ಹೆಸರು ಬರೆಸಿ ತತ್ತಿ ತಿಂದ ನಾಲ್ವರು
ಏಳನೆಯ ಇಯತ್ತೆಯ ಕೊನೆಯ ಸಾಲಿನಲ್ಲಿ
ಬಾಯಿ ಒರೆಸಿಕೊಂಡು
ವ್ಯಾಕರಣದ ಮುಖ ಹೊತ್ತು ಕೂತಿದ್ದರು.

ಆಮೇಲೆ ವಾರ ನನ್ನ ಕೈಯಲ್ಲಿ ಉಳಿಯಲಿಲ್ಲ.
ಹಿಂದಿಯ ಕಬಾಡಿ ಸರ್ ತರಬೇತಿಗೆ ಹೋದರು,
ಅವರ ಎರಡು ತಾಸೂ ನನ್ನ ತಲೆಗೆ.
ಆನ್‌ಲೈನ್ ಹಾಜರಿ ತೆರೆಯಲಿಲ್ಲ;
ತೆರೆದಾಗ ಹಾಜರಿದ್ದವರೆಲ್ಲ ಮನೆಗೆ ಹೋಗಿದ್ದರು.
ನೆಟ್‌ವರ್ಕ್ ಸಿಗುವುದು ನೀರಿನ ಟಾಕಿಯ ಮಗ್ಗುಲಲ್ಲಿ ಮಾತ್ರ.
ಮೊಬೈಲು ಎತ್ತಿ ಹಿಡಿದು ತಿರುಗುತ್ತಿದ್ದ ನನ್ನ ನೋಡಿ
ಕಟ್ಟೆಯ ಮೇಲಿನ ಮುದುಕಿ ಕೇಳಿದಳು:
‘ಯಾರಿಗೆ ಆರತಿ ಬೆಳಗಾಕ ಹತ್ತೀಯವ್ವಾ?’

ಬುಧವಾರ ರಾತ್ರಿ ಪ್ರಬಂಧಗಳ ಗಂಟು ಬಿಚ್ಚಿದೆ.
ವಿಷಯ: ‘ನಮ್ಮ ಓಣಿಯ ಮುಂಜಾನೆ’.
ತೋಂಟೇಶ ಬರೆದಿದ್ದ:
‘ನಮ್ಮ ಓಣಿ ಕೋಳಿಕಿಂತ ಮೊದಲ ಏಳತೈತಿ.
ಮಗ್ಗ ಕಟಕಟ ಅನ್ನಾಕ ಹತ್ತಿತಂದ್ರ
ನಮ್ಮಜ್ಜಗ ನಿದ್ದಿ ಬರತೈತಿ.
ಸಪ್ಪಳ ನಿಂತರ ಎಚ್ಚರಾಗತಾನ.’
ಕೆಂಪು ಪೆನ್ನು ತನ್ನಷ್ಟಕ್ಕೆ ತಾನೇ ಓಡಿತು:
ಏಳುತ್ತದೆ. ಅನ್ನತೊಡಗಿತೆಂದರೆ. ಬರುತ್ತದೆ. ಎಚ್ಚರಗೊಳ್ಳುತ್ತಾನೆ.
ತಿದ್ದಿದ್ದನ್ನು ಓದಿದೆ. ತಪ್ಪು ಒಂದೂ ಇಲ್ಲ.
ಅಜ್ಜನೂ ಇಲ್ಲ.

ಒಳಗಿನಿಂದ ಇವರು, ‘ಉಣ್ಣಾಕ ಬರ್ತೀಯೇನ?’
‘ನೀವು ಉಣ್ರಿ, ನನಗ ಇನ್ನಾ ಮೂವತ್ತು ಅದಾವ’ ಅಂದೆ.
ಅಂದದ್ದು ಯಾವ ಕನ್ನಡದಲ್ಲಿ ಎಂದು
ಪೆನ್ನಿನ ಮುಚ್ಚಳ ಹಾಕುವಾಗ ಹೊಳೆಯಿತು.
ತೋಂಟೇಶನಿಗೆ ಹತ್ತಕ್ಕೆ ಆರು ಕೊಟ್ಟಿದ್ದೆ.
ಆರರ ಬಾಲವನ್ನು ಮೇಲೆ ಸುತ್ತಿದರೆ ಎಂಟಾಗುತ್ತದೆ.
ಸುತ್ತಿದೆ.

ಗುರುವಾರ ಸಿಆರ್‌ಪಿ ಬಂದರು,
ಹಲಗೆ ನೋಡಿದರು, ನನ್ನ ನೋಡಿದರು.
‘ಪಾಠ ಎಲ್ಲಿತನಕ ಬಂತ್ರಿ?’
‘ಗೆರಿತನಕ’ ಅಂದೆ.
ನಕ್ಕರೋ, ಡೈರಿಯಲ್ಲಿ ಬರೆದುಕೊಂಡರೋ,
ಮಾಸ್ಕಿನೊಳಗೆ ತಿಳಿಯಲಿಲ್ಲ.
ಬೆಟಗೇರಿಯಿಂದ ಗದಗಿಗೆ ಬಸ್ಸಿನಲ್ಲಿ ನಿಂತು ಯೋಚಿಸಿದೆ:
ಎರಡು ಪದ ಕೂಡುವಾಗ ಒಂದು ಸ್ವರ ಬಿಟ್ಟುಹೋಗುತ್ತದೆ.
ಇಷ್ಟು ಹೇಳುವುದಕ್ಕೆ ಐದು ನಿಮಿಷ ಸಾಕಿತ್ತು.

ಶುಕ್ರವಾರ, ಎರಡನೆಯ ಇಯತ್ತೆಯ ಖಾಜಾ
ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ.
ಬುಧವಾರದಿಂದ ಬರದ ದಾವಲಬಿ, ಅವನ ಅಕ್ಕ, ಕಳಿಸಿದ್ದು.
‘ವಿಷಯ: ರಜೆ ಬೇಡುವ ಕುರಿತು.
ಮಾನ್ಯರೆ,
ಅಮ್ಮಿಗೆ ಆರಾಮಿಲ್ಲ. ಕಂಡಕಿ ಸುತ್ತಾವ್ರು ಯಾರೂ ಇಲ್ಲ.
ಸೋಮವಾರ ಬರ್ತೀನಿ.
ಸಂಧಿ ಪಾಠ ನಾ ಬಂದ ಮ್ಯಾಲೆ ಮಾಡ್ರಿ.
ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ.’
ತಾರೀಖು ಸರಿ, ಮಾರ್ಜಿನ್ ಸರಿ,
ಸಹಿಯ ಕೆಳಗೆ ಒಂದು ಚುಕ್ಕಿ ಕೂಡ.
ಜೂನಿನಲ್ಲಿ ಕಲಿಸಿದ ಪತ್ರಲೇಖನ
ಪರೀಕ್ಷೆಯಲ್ಲಿ ಬಾರದ್ದು ಇಲ್ಲಿ ಬಂದಿತ್ತು.

ಹಾಳೆಯ ಬೆನ್ನಿಗೆ
‘ರಜೆ ಮಂಜೂರು ಮಾಡಲಾಗಿದೆ’ ಎಂದು ಬರೆಯಹೋಗಿ
‘ಆತು, ಬಾರವಾ’ ಎಂದು ಬರೆದೆ.
ಖಾಜಾ ಅದನ್ನು ಮತ್ತೆ ನಾಲ್ಕು ಮಡಿಕೆ ಮಾಡಿ
ಕಿಸೆಯ ಮೇಲೆ ಕೈ ಒತ್ತಿಕೊಂಡೇ ಓಡಿದ.

ಶನಿವಾರ ಮುಂಜಾನೆ ಶಾಲೆ.
ಒರೆಸುವ ಬಟ್ಟೆ ಹಿಡಿದು ಕಾಯುತ್ತಿದ್ದಳು ನೀಲವ್ವ:
‘ಹಲಿಗಿ ಒರಸ್ಲೇನ್ರಿ?’
ನೋಡಿದೆ. ನನ್ನ ಗೆರೆಯ ಕೆಳಗೆ ಯಾರೋ
ದುಂಡಗೆ, ಒಂದರ ಪಕ್ಕ ಒಂದು, ತತ್ತಿ ಬಿಡಿಸಿದ್ದರು.
ಎಣಿಸಿದೆ. ನಾಲ್ಕು.
ಕೊನೆಯ ಸಾಲಿನತ್ತ ತಿರುಗಲಿಲ್ಲ.
‘ಬ್ಯಾಡವಾ, ಸೋಮವಾರತನಕ ಇರ್ಲಿ’ ಅಂದೆ,
‘ಲೆಕ್ಕ ಹತ್ತೇತಿ.’